ಪ್ರಸಾರದ ಗಡಿಯಾರದಿಂದ ಹಿಂದಕ್ಕೆ: ರೇಡಿಯೊ ನಿರ್ಮಾಣ ಸಂಯೋಜಕರ ಕೆಲಸ, ಹಂತ ಹಂತವಾಗಿ

ಮೈಕಿನ ಮುಂದೆ ಕೂರುವ ಆಸೆಯಿಲ್ಲ, ಆದರೆ ರೇಡಿಯೊದಲ್ಲೇ ಕೆಲಸ ಮಾಡಬೇಕು, ದಾರಿ ಏನು ಎಂದು ಕೇಳುವ ಓದುಗರು ಬಹಳ. ‘ನಿರ್ಮಾಣ ಸಂಯೋಜಕರಾಗಿ’ ಎಂದು ಉತ್ತರಿಸಿದರೆ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಅವರು ದಿನವಿಡೀ ಮಾಡುವುದಾದರೂ ಏನು? ಎರಡಕ್ಕೂ ಸೇರಿಸಿ ಈ ಬರಹ.

ಕಾರ್ಯಕ್ರಮದಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವವರು ನಿರ್ಮಾಪಕರು. ಆ ತೀರ್ಮಾನ ಹೊತ್ತಿಗೆ ಸರಿಯಾಗಿ ಕೇಳುಗರ ಕಿವಿಗೆ ಮುಟ್ಟಲು ಬೇಕಾದ ಜನ, ಜಾಗ, ಯಂತ್ರ, ಹಣ, ಕಾಗದಪತ್ರಗಳನ್ನು ಹೊಂದಿಸುವವರು ಸಂಯೋಜಕರು, ಅಂದರೆ ಪ್ರೊಡಕ್ಷನ್ ಕೋಆರ್ಡಿನೇಟರ್. ಚಿಕ್ಕ ಕೇಂದ್ರಗಳಲ್ಲಿ ಎರಡೂ ಹೊಣೆ ಒಬ್ಬರ ತಲೆಗೇ ಬೀಳುತ್ತದೆ. ಹುದ್ದೆಯ ಹೆಸರೂ ಎಲ್ಲೆಡೆ ಒಂದೇ ಅಲ್ಲ. ಕೆಲವೆಡೆ ಪ್ರಸಾರ ಸಹಾಯಕರು, ಕೆಲವೆಡೆ ನಿರ್ಮಾಣ ಸಹಾಯಕರು ಎನ್ನುತ್ತಾರೆ. ನೇಮಕಾತಿ ಪ್ರಕಟಣೆ ನೋಡುವಾಗ ಹುದ್ದೆಯ ಹೆಸರಿಗಿಂತ ಕೆಳಗಿರುವ ಕೆಲಸಗಳ ಪಟ್ಟಿಯನ್ನು ಓದಿ.

ಎಲ್ಲರೊಂದಿಗೆ ನಗುನಗುತ್ತಾ ಮಾತನಾಡಬಲ್ಲವರಿಗೆ ಈ ಕೆಲಸ ಸಲೀಸು ಎಂಬ ನಂಬಿಕೆಯೊಂದಿದೆ. ಮಾತು ಬೇಕು, ಒಪ್ಪೋಣ. ಆದರೆ ಮಾತಿಗಿಂತ ಹೆಚ್ಚಾಗಿ ಬೇಕಾದದ್ದು ಬರೆದಿಡುವ ಶಿಸ್ತು. ‘ಆ ಸಂದರ್ಶನ ಎಲ್ಲಿಗೆ ಬಂತು?’ ಎಂದು ಯಾರು ಯಾವಾಗ ಕೇಳಿದರೂ ನೆನಪನ್ನು ಕೆದಕದೆ, ಹಾಳೆ ನೋಡಿ ಉತ್ತರಿಸಬಲ್ಲವರು ಈ ಕೆಲಸದಲ್ಲಿ ನಿಲ್ಲುತ್ತಾರೆ. ಪತ್ರಿಕೆಯಾದರೆ ಮುದ್ರಣ ಹತ್ತು ನಿಮಿಷ ತಡವಾಗಬಹುದು; ಪ್ರಸಾರದಲ್ಲಿ ಹತ್ತು ಸೆಕೆಂಡು ಮೌನ ಬಂದರೂ ಕೇಳುಗರು ಬೇರೆ ಕೇಂದ್ರಕ್ಕೆ ಹೊರಟಿರುತ್ತಾರೆ.

ಸಾಮಗ್ರಿ ಹೆಚ್ಚೇನೂ ಬೇಡ. ಎಲ್ಲರೂ ತೆರೆಯಬಹುದಾದ ಒಂದು ಸ್ಪ್ರೆಡ್‌ಶೀಟ್, ಹಂಚಿಕೊಂಡ ಕ್ಯಾಲೆಂಡರ್, ಸ್ಟಾಪ್‌ವಾಚ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಯಾವುದಾದರೊಂದು ಸಂಕಲನ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸುವಷ್ಟು ಪರಿಚಯ. ಉಳಿದದ್ದು ಕೆಲಸ ಮಾಡುತ್ತಾ ಬರುತ್ತದೆ.

1. ಪ್ರಸಾರದ ದಿನದಿಂದ ಹಿಂದಕ್ಕೆ ಎಣಿಸಿ

ಹೊಸಬರು ಇಂದಿನಿಂದ ಮುಂದಕ್ಕೆ ಯೋಜನೆ ಹಾಕುತ್ತಾರೆ. ನೀವು ಪ್ರಸಾರದ ದಿನವನ್ನು ಮೊದಲು ಬರೆದು ಅಲ್ಲಿಂದ ಹಿಂದಕ್ಕೆ ಬನ್ನಿ. ಮೊದಲು ಬರುವುದು ಹಸ್ತಾಂತರದ ದಿನ, ಅಂದರೆ ಸಿದ್ಧ ಫೈಲ್ ಪ್ರಸಾರ ವಿಭಾಗದ ಕೈ ಸೇರಬೇಕಾದ ದಿನ; ಇದು ಪ್ರಸಾರದ ದಿನವಲ್ಲ, ಅದಕ್ಕಿಂತ ಮುಂಚಿನದು. ಅದಕ್ಕೂ ಹಿಂದೆ ಸಂಪಾದಕರು ಕೇಳಿ ಒಪ್ಪುವ ದಿನ, ಅದರ ಹಿಂದೆ ಧ್ವನಿಮಿಶ್ರಣ, ಸಂಕಲನ, ಧ್ವನಿಮುದ್ರಣ, ಅತಿಥಿಗಳ ಒಪ್ಪಿಗೆ, ಸಂಶೋಧನೆ.

ಎಡವುವುದು ಎರಡು ಕಡೆ. ಸಂಪಾದಕರು ಕೇಳಲು ಒಂದು ದಿನ ಇಡುತ್ತಾರೆ, ಅವರು ಹೇಳಿದ ತಿದ್ದುಪಡಿ ಮಾಡಲು ದಿನವನ್ನೇ ಇಡುವುದಿಲ್ಲ. ಇನ್ನೊಂದು, ಪ್ರೋಮೊ. ಕಾರ್ಯಕ್ರಮದ ಪ್ರಚಾರಕ್ಕೆ ಬರುವ ಆ ಅರ್ಧ ನಿಮಿಷದ ತುಣುಕು ಕಾರ್ಯಕ್ರಮಕ್ಕಿಂತ ಹಲವು ದಿನ ಮೊದಲೇ ಪ್ರಸಾರವಾಗಬೇಕು. ಮುಖ್ಯ ಸಂಕಲನ ಮುಗಿಯುವ ಮುನ್ನವೇ ಅದಕ್ಕೆ ಬೇಕಾದ ಧ್ವನಿ ತುಣುಕುಗಳನ್ನು ಆರಿಸಿಟ್ಟಿರಬೇಕು. ಆದ್ದರಿಂದ ಪ್ರೋಮೊಗೆ ಪ್ರತ್ಯೇಕ ಸಾಲು, ಪ್ರತ್ಯೇಕ ದಿನಾಂಕ.

2. ಒಂದೇ ಹಾಳೆ, ಒಂದೇ ಹೆಸರು

ಒಂದು ಸರಣಿಗೆ ಒಂದೇ ಹಾಳೆ. ಪ್ರತಿ ಸಂಚಿಕೆಗೆ ಒಂದು ಸಾಲು. ಅದರಲ್ಲಿ ಈಗಿನ ಸ್ಥಿತಿ, ಮುಂದಿನ ಹೆಜ್ಜೆ, ಅದು ಯಾರ ಕೈಯಲ್ಲಿದೆ, ಯಾವ ದಿನಕ್ಕೆ. ‘ಯಾರ ಕೈಯಲ್ಲಿ’ ಎಂಬ ಕಡೆ ಒಬ್ಬರ ಹೆಸರೇ ಇರಲಿ. ‘ತಂಡ’ ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲ.

‘ಮುಗಿದಿದೆ’ ಎಂಬ ಮಾತಿಗೂ ಮೊದಲೇ ಒಂದು ಅರ್ಥ ಗೊತ್ತುಮಾಡಿ. ಸಂಕಲನಕಾರರಿಗೆ ಮುಗಿದಿದೆ ಎಂದರೆ ಕತ್ತರಿಸಿ ಆಯಿತು ಎಂದು, ನಿರ್ಮಾಪಕರಿಗೆ ಅವರು ಕೇಳಿ ಒಪ್ಪಿದ್ದು ಎಂದು, ಪ್ರಸಾರ ವಿಭಾಗಕ್ಕೆ ಫೈಲ್ ತಲುಪಿ ಪರೀಕ್ಷೆ ಆಯಿತು ಎಂದು. ಹಾಳೆಯಲ್ಲಿ ಆ ಪದವನ್ನೇ ಬಿಟ್ಟು ‘ಸಂಕಲನ ಆಯಿತು’, ‘ನಿರ್ಮಾಪಕರ ಒಪ್ಪಿಗೆ ಸಿಕ್ಕಿತು’, ‘ಹಸ್ತಾಂತರ ಪರಿಶೀಲಿತ’ ಎಂದು ಬಿಡಿಸಿ ಬರೆಯಿರಿ.

ಫೈಲ್ ಹೆಸರಿಗೂ ಇದೇ ನಿಯಮ. ಉದಾಹರಣೆಗೆ: ಸಂಜೆಮಾತು_012_20260314_ಮಿಶ್ರಣ_03. ಕಾರ್ಯಕ್ರಮ, ಸಂಚಿಕೆ, ದಿನಾಂಕ, ಹಂತ, ಆವೃತ್ತಿ. ದಿನಾಂಕದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಆಗ ಕಂಪ್ಯೂಟರ್ ಹೆಸರಿನ ಕ್ರಮದಲ್ಲಿ ಜೋಡಿಸಿದರೂ ಕಾಲಾನುಕ್ರಮ ತಪ್ಪುವುದಿಲ್ಲ. ‘ಫೈನಲ್’ ಎಂಬ ಪದ ಫೈಲ್ ಹೆಸರಿನಲ್ಲಿ ಎಲ್ಲೂ ಬೇಡ. ಕೇಂದ್ರದ ತಂತ್ರಾಂಶ ಯಾವ ಲಿಪಿ, ಯಾವ ಚಿಹ್ನೆಗಳನ್ನು ಒಪ್ಪುತ್ತದೆ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

3. ಅತಿಥಿಯನ್ನು ಗೊತ್ತುಮಾಡುವುದು

‘ಬರುತ್ತೇನೆ’ ಎಂದು ಫೋನಿನಲ್ಲಿ ಹೇಳಿದ್ದು ಒಪ್ಪಿಗೆಯಲ್ಲ. ದಿನಾಂಕ, ವೇಳೆ, ಸ್ಥಳ, ಎಷ್ಟು ಹೊತ್ತು, ನೇರಪ್ರಸಾರವೋ ಮುದ್ರಿಕೆಯೋ, ಇನ್ನಾರು ಮಾತನಾಡುತ್ತಾರೆ, ಗೌರವಧನ ಇದೆಯೋ ಇಲ್ಲವೋ ಇವಿಷ್ಟನ್ನು ಬರೆದು ಕಳುಹಿಸಿ, ಅವರಿಂದ ಮರುಉತ್ತರ ಬಂದ ಮೇಲೆ ಹಾಳೆಯಲ್ಲಿ ಗುರುತು ಹಾಕಿ. ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಎದುರಾಳಿಯೊಬ್ಬರು ಅದೇ ಚರ್ಚೆಯಲ್ಲಿ ಇದ್ದಾರೆ ಎಂಬುದು ಅತಿಥಿಗೆ ಸ್ಟುಡಿಯೊದ ಬಾಗಿಲಲ್ಲಿ ಗೊತ್ತಾಗುವುದು ಅನ್ಯಾಯ. ಅವರು ತಿರುಗಿ ಹೋದರೆ ತಪ್ಪು ಅವರದಲ್ಲ.

ಬೇರೆ ದೇಶದ ಅತಿಥಿಯಾದರೆ ವೇಳೆಯನ್ನು ಮೂರು ರೀತಿ ಬರೆಯಿರಿ: ಅವರ ಗಡಿಯಾರದಲ್ಲಿ, ನಿಮ್ಮ ಗಡಿಯಾರದಲ್ಲಿ, ಯುಟಿಸಿಯಲ್ಲಿ. ಯುಟಿಸಿ ಎಂದರೆ ಎಲ್ಲ ಕಾಲವಲಯಗಳಿಗೂ ಆಧಾರವಾದ ಅಂತರರಾಷ್ಟ್ರೀಯ ವೇಳೆ. ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಅದೂ ಒಂದೇ ದಿನ ಅಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಅಂತರ 5 ಗಂಟೆಯ ಬದಲು 4 ಗಂಟೆ. ಪ್ರತಿ ವಾರ ಸರಿಯಾಗಿ ನಡೆಯುತ್ತಿದ್ದ ಕರೆ ಆ ವಾರ ಹಠಾತ್ತನೆ ತಪ್ಪುವುದು ಇದರಿಂದಲೇ.

ಹೆಸರಿನ ಉಚ್ಚಾರಣೆಯನ್ನು ಅವರ ಬಾಯಿಂದಲೇ ಕೇಳಿ, ಒಂದೆರಡು ಸೆಕೆಂಡಿನ ಮುದ್ರಿಕೆಯಾಗಿ ನಿರೂಪಕರಿಗೆ ಕಳುಹಿಸಿ. ತಮ್ಮನ್ನು ಯಾವ ಪದನಾಮದಿಂದ ಪರಿಚಯಿಸಬೇಕು ಎಂಬುದನ್ನೂ ಅವರೇ ಹೇಳಲಿ. ಅಂತರ್ಜಾಲದಲ್ಲಿರುವ ಪರಿಚಯ ಎಷ್ಟೋ ಸಲ ಹಳೆಯ ಹುದ್ದೆಯದು.

ಸಮ್ಮತಿ ಪತ್ರವನ್ನು ಧ್ವನಿಮುದ್ರಣಕ್ಕೆ ಮುಂಚೆ ಪಡೆಯಿರಿ. ಮುಗಿದ ಮೇಲೆ ಬೆನ್ನುಹತ್ತುವುದು ಕಷ್ಟ. ಪ್ರಸಾರ, ಮರುಪ್ರಸಾರ, ಪಾಡ್‌ಕಾಸ್ಟ್, ಪ್ರೋಮೊ, ಸಾಮಾಜಿಕ ಜಾಲತಾಣದ ತುಣುಕು ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಇರಲಿ. ಬೀದಿಯಲ್ಲಿ, ಗದ್ದಲದಲ್ಲಿ ಕಾಗದ ಸಾಧ್ಯವಾಗದಿದ್ದರೆ ಮುದ್ರಣ ಚಾಲೂ ಮಾಡಿ ಹೆಸರು, ದಿನಾಂಕ, ಯಾವುದಕ್ಕೆ ಒಪ್ಪಿಗೆ ಎಂಬುದನ್ನು ಅವರ ಧ್ವನಿಯಲ್ಲೇ ಹೇಳಿಸಿ. ಆ ರೀತಿಯ ಒಪ್ಪಿಗೆ ಸಾಕೇ ಎಂದು ನಿಮ್ಮ ಸಂಸ್ಥೆಯ ಕಾನೂನು ವಿಭಾಗವನ್ನು ಮೊದಲೇ ವಿಚಾರಿಸಿರಬೇಕು. ಮಕ್ಕಳಾದರೆ ಪೋಷಕರ ಸಹಿ ಬೇಕೇ ಬೇಕು.

4. ಧ್ವನಿಮುದ್ರಣದ ದಿನ

ಸ್ಟುಡಿಯೊ ಕಾಯ್ದಿರಿಸುವಾಗ ಮಾತಿನ ಹೊತ್ತಿಗಷ್ಟೇ ಲೆಕ್ಕ ಹಾಕಬೇಡಿ. ಮೈಕ್ ಹೊಂದಿಸುವುದು, ಧ್ವನಿಮಟ್ಟ ಪರೀಕ್ಷೆ, ಅತಿಥಿಯ ಬೆವರು ಆರುವುದು, ಕೊನೆಯಲ್ಲಿ ತಪ್ಪಿದ ಸಾಲುಗಳ ಮರುಮುದ್ರಣ ಸೇರಿ ಅರ್ಧ ಗಂಟೆಯ ಸಂದರ್ಶನಕ್ಕೆ ಒಂದೂವರೆ ಗಂಟೆ ಇಡುವುದು ಅತಿಯೇನಲ್ಲ.

ಎಲ್ಲರಿಗೂ ಹಿಂದಿನ ದಿನವೇ ಕಾಲ್ ಶೀಟ್ ಕಳುಹಿಸಿ. ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕು, ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಹೇಳುವ ಒಂದು ಪುಟ ಅದು. ಎರಡನೆಯ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ.

ದೂರದಲ್ಲಿರುವ ಅತಿಥಿಯನ್ನು ಇಂಟರ್‌ನೆಟ್ ಕರೆಯಲ್ಲಿ ಮುದ್ರಿಸುವಾಗ ‘ಡಬಲ್ ಎಂಡರ್’ ವಿಧಾನ ಬಳಸಿ. ಎರಡೂ ಕಡೆಯವರು ತಮ್ಮ ತಮ್ಮ ಧ್ವನಿಯನ್ನು ತಮ್ಮಲ್ಲೇ ಮುದ್ರಿಸಿಕೊಂಡು ಆಮೇಲೆ ಫೈಲ್ ಕಳುಹಿಸುವುದು ಇದರ ಕ್ರಮ. ಕರೆಯ ಸದ್ದು ಒಡೆದರೂ ಮುದ್ರಿಕೆ ಸ್ವಚ್ಛವಾಗಿರುತ್ತದೆ. ಆರಂಭದಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲೂ ಒಂದು ಚಪ್ಪಾಳೆ ಹೊಡೆಸಿ. ಎರಡು ಬೇರೆ ಯಂತ್ರಗಳ ಒಳಗಡಿಯಾರಗಳು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಓಡುವುದರಿಂದ ದೀರ್ಘ ಮಾತುಕತೆಯ ಕೊನೆಯ ಹೊತ್ತಿಗೆ ಧ್ವನಿಗಳು ಪರಸ್ಪರ ಜಾರಿರಬಹುದು; ಕೊನೆಯ ಚಪ್ಪಾಳೆ ಆ ಜಾರುವಿಕೆಯನ್ನು ತೋರಿಸಿಕೊಡುತ್ತದೆ. ಕರೆಯನ್ನೂ ಪ್ರತ್ಯೇಕವಾಗಿ ಮುದ್ರಿಸಿಕೊಳ್ಳಿ. ಅತಿಥಿ ಮುದ್ರಣದ ಗುಂಡಿ ಒತ್ತಲು ಮರೆಯುವುದು ಅಪರೂಪವಲ್ಲ.

ಹೊರಡುವ ಮುನ್ನ ಎಲ್ಲರೂ ಸುಮ್ಮನಿದ್ದು ಅದೇ ಕೋಣೆಯ ಮೌನವನ್ನು ಅರ್ಧದಿಂದ ಒಂದು ನಿಮಿಷ ಮುದ್ರಿಸಿ. ಇದಕ್ಕೆ ರೂಮ್ ಟೋನ್ ಎಂದು ಹೆಸರು. ಪ್ರತಿ ಕೋಣೆಯ ಮೌನಕ್ಕೂ ತನ್ನದೇ ಗುಂಯ್‌ಗುಡುವಿಕೆ ಇದೆ. ಸಂಕಲನದಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ಇದನ್ನೇ ತುಂಬಬೇಕು. ತಂತ್ರಜ್ಞರು ಮರೆತರೆ ನೆನಪಿಸುವುದು ನಿಮ್ಮ ಕೆಲಸ.

5. ಫೈಲ್‌ಗಳ ಲೆಕ್ಕ

ಸ್ಯಾಂಪಲ್ ದರ ಎಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತಾರೆ ಎಂಬುದು. ಪ್ರಸಾರದಲ್ಲಿ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸಲ, ರೂಢಿ, ಸಿ.ಡಿ.ಯ ಅಳತೆ 44.1. ಇಡೀ ಸರಣಿಗೆ ಒಂದನ್ನೇ ಗೊತ್ತುಮಾಡಿ. 44.1ರಲ್ಲಿ ಮುದ್ರಿಸಿದ್ದನ್ನು 48 ಎಂದು ತಪ್ಪಾಗಿ ಓದಿಸಿದರೆ ಮಾತು ಶೇ. 8ಕ್ಕೂ ಹೆಚ್ಚು ವೇಗವಾಗಿ, ಧ್ವನಿ ಕೀರಲಾಗಿ ಕೇಳಿಸುತ್ತದೆ.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ಬಿಟ್ ಎಂದರೆ ಪ್ರತಿ ಅಳತೆಯ ಸೂಕ್ಷ್ಮತೆ) ಮುದ್ರಿಸಿದ ಒಂದು ಚಾನೆಲ್, ಅಂದರೆ ಒಂದು ಮೈಕಿನ ಸದ್ದು, ಗಂಟೆಗೆ ಸುಮಾರು 520 ಎಂಬಿ ತಿನ್ನುತ್ತದೆ. ಸ್ಟೀರಿಯೊ ಆದರೆ 1 ಜಿಬಿಗೂ ಸ್ವಲ್ಪ ಹೆಚ್ಚು. ಇಲ್ಲೊಂದು ಅಪಾಯ ಇದೆ. ಸದ್ದನ್ನು ಕುಗ್ಗಿಸದೆ ಇಡುವ ಸಾಮಾನ್ಯ ವೇವ್ ಫೈಲ್ 4 ಜಿಬಿ ಮೀರಲಾರದು. ದುಂಡುಮೇಜಿನ ಚರ್ಚೆಯೊಂದನ್ನು 8 ಚಾನೆಲ್ ಸೇರಿಸಿ ಒಂದೇ ಫೈಲಿಗೆ ಮುದ್ರಿಸಿದರೆ ಒಂದು ಗಂಟೆ ದಾಟುತ್ತಿದ್ದಂತೆ ಆ ಮಿತಿ ಮುಟ್ಟುತ್ತದೆ, ಹಲವು ಯಂತ್ರಗಳು ಅಲ್ಲಿಂದ ತಾವಾಗಿಯೇ ಎರಡನೆಯ ಫೈಲ್ ಶುರುಮಾಡುತ್ತವೆ. ಮೊದಲ ಫೈಲನ್ನು ಮಾತ್ರ ನಕಲು ಮಾಡಿ ಕಾರ್ಡ್ ಅಳಿಸಿದರೆ ಚರ್ಚೆಯ ಕೊನೆ ಹೋಯಿತು. ನಕಲು ಮಾಡಿದ ಮೇಲೆ ಒಟ್ಟು ಅವಧಿಯನ್ನು ನಿಮ್ಮ ಟಿಪ್ಪಣಿಯಲ್ಲಿರುವ ಅವಧಿಯೊಂದಿಗೆ ಹೋಲಿಸಿ, ಕೊನೆಯ ನಿಮಿಷವನ್ನು ಕೇಳಿ ನೋಡಿ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಮೂರೂ ಆಗುವವರೆಗೆ ಕಾರ್ಡ್ ಅಳಿಸಲು ಯಾರಿಗೂ ಅನುಮತಿ ಇಲ್ಲ.

6. ಸಂಗೀತ ಮತ್ತು ಹಕ್ಕುಗಳು

ಈ ಹಂತವನ್ನು ಕೊನೆಗೆ ತಳ್ಳುವವರೇ ಹೆಚ್ಚು, ಪೇಚಿಗೆ ಸಿಲುಕುವವರೂ ಅವರೇ. ಒಂದು ಹಾಡಿನಲ್ಲಿ ಕನಿಷ್ಠ ಎರಡು ಬಗೆಯ ಹಕ್ಕು ಇರುತ್ತದೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯದು ಒಂದು. ಆ ನಿರ್ದಿಷ್ಟ ಧ್ವನಿಮುದ್ರಿಕೆಯದು ಇನ್ನೊಂದು. ಶತಮಾನಗಳ ಹಿಂದಿನ ಕೃತಿಯಾದರೆ ಮೊದಲನೆಯದು ಮುಗಿದಿರಬಹುದು, ಆದರೆ ಕಳೆದ ವರ್ಷ ಹಾಡಿದ ಮುದ್ರಿಕೆಯ ಹಕ್ಕು ಜೀವಂತವಾಗಿಯೇ ಇರುತ್ತದೆ.

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ: ಹತ್ತು ಸೆಕೆಂಡು ಬಳಸಿದರೆ ಪರವಾಗಿಲ್ಲವೇ? ಇಷ್ಟು ಸೆಕೆಂಡಿನವರೆಗೆ ಉಚಿತ ಎಂಬ ಸಾರ್ವತ್ರಿಕ ನಿಯಮ ಯಾವುದೂ ಇಲ್ಲ. ವಿಮರ್ಶೆ, ಸುದ್ದಿ ಮುಂತಾದ ಉದ್ದೇಶಗಳಿಗೆ ಹಲವು ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ. ಅದು ಉದ್ದೇಶ, ಸಂದರ್ಭಗಳನ್ನು ನೋಡುತ್ತದೆಯೇ ಹೊರತು ಸ್ಟಾಪ್‌ವಾಚ್ ಹಿಡಿದು ಕೂರುವುದಿಲ್ಲ.

ಕೇಂದ್ರಕ್ಕೆ ಸಂಗೀತ ಪ್ರಸಾರದ ಪರವಾನಗಿ ಇದೆ ಎಂದು ನಿಶ್ಚಿಂತರಾಗಬೇಡಿ. ಪ್ರಸಾರಕ್ಕೆ ಪಡೆದ ಪರವಾನಗಿ ಡೌನ್‌ಲೋಡ್ ಮಾಡಿಕೊಳ್ಳುವ ಪಾಡ್‌ಕಾಸ್ಟಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ರೇಡಿಯೊದಲ್ಲಿ ಬಂದ ಕಾರ್ಯಕ್ರಮ ಪಾಡ್‌ಕಾಸ್ಟ್ ಆಗುವಾಗ ನಡುವಿನ ಹಾಡುಗಳು ಮಾಯವಾಗಿರುವುದು ಈ ಕಾರಣಕ್ಕೆ. ಎರಡೂ ರೂಪ ಬೇಕೆಂದು ಮೊದಲೇ ಗೊತ್ತಿದ್ದರೆ ಹಾಡಿನ ಮೇಲೆ ಮಾತು ಹರಿಯದಂತೆ ನಿರೂಪಕರಿಗೆ ತಿಳಿಸಿ. ಆಗ ಕತ್ತರಿಸುವುದು ಸುಲಭ.

ಬಳಸಿದ ಪ್ರತಿ ಸಂಗೀತವನ್ನೂ ಕ್ಯೂ ಶೀಟಿನಲ್ಲಿ ಬರೆಯಬೇಕು. ಕೃತಿಯ ಹೆಸರು, ಸ್ವರಸಂಯೋಜಕರು, ಗೀತರಚನೆಕಾರರು, ಕಲಾವಿದರು, ಪ್ರಕಾಶಕರು, ಧ್ವನಿಮುದ್ರಣ ಸಂಸ್ಥೆ, ಬಳಸಿದ ಅವಧಿ, ಜತೆಗೆ ಐಎಸ್‌ಆರ್‌ಸಿ ಸಂಕೇತ. ಐಎಸ್‌ಆರ್‌ಸಿ ಎಂದರೆ ಪ್ರತಿ ಧ್ವನಿಮುದ್ರಿಕೆಗೂ ಇರುವ 12 ಅಕ್ಷರ-ಅಂಕಿಗಳ ಗುರುತು. ರಾಜಧನ ಯಾರಿಗೆ ಸೇರಬೇಕು ಎಂಬುದು ಈ ಹಾಳೆಯಿಂದ ನಿರ್ಧಾರವಾಗುವುದರಿಂದ ಇಲ್ಲಿ ಉದಾಸೀನ ಮಾಡಿದರೆ ಯಾರೋ ಕಲಾವಿದರ ದುಡಿಮೆ ಕಳೆದಂತೆ. ಸಂಕಲನಕಾರರು ತುಣುಕು ಹಾಕಿದ ದಿನವೇ ಬರೆದುಕೊಳ್ಳಿ. ತಿಂಗಳ ಕೊನೆಗೆ ‘ಆ ಕೊಳಲಿನದು ಯಾವುದು?’ ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

7. ಹಸ್ತಾಂತರ

ಫೈಲ್ ಕಳುಹಿಸುವ ಮುನ್ನ ಆ ಕೇಂದ್ರದ ತಾಂತ್ರಿಕ ನಿಯಮಪತ್ರ ಓದಿ. ಅದರಲ್ಲಿ ಲೌಡ್‌ನೆಸ್ ಎಂಬ ಸಾಲು ಇರುತ್ತದೆ. ಕಾರ್ಯಕ್ರಮ ಒಟ್ಟಾರೆ ಕಿವಿಗೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆ ಎಂಬುದರ ಅಳತೆ ಇದು; ಏಕಮಾನ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಪ್ರಕಟಿಸಿದ ಆರ್128 ಶಿಫಾರಸು ಮೈನಸ್ 23 ಎನ್ನುತ್ತದೆ. ಆ್ಯಪಲ್ ತನ್ನ ಪಾಡ್‌ಕಾಸ್ಟ್‌ಗಳಿಗೆ ಮೈನಸ್ 16ರ ಆಸುಪಾಸನ್ನು ಸೂಚಿಸುತ್ತದೆ. ಅಂದರೆ ಒಂದೇ ಮಿಶ್ರಣ ಎರಡಕ್ಕೂ ಸಲ್ಲದು. ಎರಡು ಆವೃತ್ತಿಗಳನ್ನು ವೇಳಾಪಟ್ಟಿಯಲ್ಲೇ ಸೇರಿಸಿ.

ಸದ್ದನ್ನು ಕುಗ್ಗಿಸಿ ಫೈಲ್ ಚಿಕ್ಕದಾಗಿಸುವ ಎಂಪಿ3 ರೂಪವನ್ನು ಕೊನೆಯ ಹೆಜ್ಜೆಗೆ ಮೀಸಲಿಡಿ. ಅದನ್ನು ತೆರೆದು, ತಿದ್ದಿ, ಮತ್ತೆ ಎಂಪಿ3 ಮಾಡಿದಷ್ಟೂ ಗುಣಮಟ್ಟ ಸವೆಯುತ್ತದೆ. ಕಳುಹಿಸುವ ಫೈಲನ್ನು ಯಾರಾದರೊಬ್ಬರು ಆದಿಯಿಂದ ಅಂತ್ಯದವರೆಗೆ ಕೇಳಿರಲೇಬೇಕು. ಪರದೆಯ ಮೇಲೆ ತರಂಗಗಳನ್ನು ನೋಡಿದರೆ ಸಾಲದು. ಅಳಿಸಬೇಕಿದ್ದ ‘ಇನ್ನೊಮ್ಮೆ ಹೇಳಲೇ?’ ಎಂಬ ಮಾತು ತರಂಗದಲ್ಲಿ ಬೇರೆ ಮಾತಿನಂತೆಯೇ ಕಾಣುತ್ತದೆ.

8. ನೇರಪ್ರಸಾರದ ದಿನ

ಅಂದು ನಿಮ್ಮ ಕೈಯಲ್ಲಿರಬೇಕಾದದ್ದು ರನ್ನಿಂಗ್ ಆರ್ಡರ್: ಯಾವ ಐಟಂ ಎಷ್ಟು ಹೊತ್ತಿಗೆ, ಎಷ್ಟು ಅವಧಿ ಎಂಬ ಕ್ರಮಪಟ್ಟಿ. ಪಟ್ಟಿಯ ತಲೆಭಾಗದಲ್ಲಿ ಆವೃತ್ತಿ ಸಂಖ್ಯೆ, ಅಚ್ಚು ಹಾಕಿದ ವೇಳೆ ಇರಲಿ. ಹೊಸದು ಬಂದಾಗ ಹಳೆಯ ಪ್ರತಿಗಳನ್ನು ನೀವೇ ವಾಪಸ್ ಪಡೆಯಿರಿ. ನಿರೂಪಕರ ಮುಂದೆ ಮೂರನೆಯದು, ತಂತ್ರಜ್ಞರ ಮುಂದೆ ಎರಡನೆಯದು ಇದ್ದರೆ ಅನಾಹುತಕ್ಕೆ ಬೇರೆ ಕಾರಣ ಬೇಡ.

ಬ್ಯಾಕ್‌ಟೈಮಿಂಗ್ ಕಲಿಯಿರಿ. ಕೊನೆಯಿಂದ ಹಿಂದಕ್ಕೆ ಕಳೆಯುತ್ತಾ ಬರುವ ಲೆಕ್ಕ ಇದು. ಕಾರ್ಯಕ್ರಮ 6:59:30ಕ್ಕೆ ಮುಗಿಯಬೇಕು ಎನ್ನಿ. ಮುಕ್ತಾಯದ ಮಾತು 40 ಸೆಕೆಂಡು. ಅದು ಶುರುವಾಗಬೇಕಾದದ್ದು 6:58:50ಕ್ಕೆ. ಅದರ ಹಿಂದಿನ ವಾದ್ಯಸಂಗೀತ 3 ನಿಮಿಷ 42 ಸೆಕೆಂಡು. ಅದು ಶುರುವಾಗಬೇಕಾದದ್ದು 6:55:08ಕ್ಕೆ. ಸಂದರ್ಶನ ಎಳೆದು 6:56ಕ್ಕೆ ಮುಗಿಯುವಂತಿದೆಯೇ? ಗಾಬರಿ ಬೇಡ. ತಂತ್ರಜ್ಞರು ಧ್ವನಿ ಪೂರ್ತಿ ಇಳಿಸಿ ಸಂಗೀತವನ್ನು 6:55:08ಕ್ಕೇ ಓಡಿಸಿ, 6:56ಕ್ಕೆ ಮೆಲ್ಲಗೆ ಏರಿಸುತ್ತಾರೆ. ಸಂಗೀತ ನಡುವಿನಿಂದ ಬಂದಿತೆಂದು ಕೇಳುಗರಿಗೆ ಅನ್ನಿಸುವುದಿಲ್ಲ, ಮುಕ್ತಾಯ ಮಾತ್ರ ಕರಾರುವಾಕ್ಕಾಗಿ ಹೊತ್ತಿಗೆ ಬರುತ್ತದೆ. ಸಾಹಿತ್ಯವಿರುವ ಹಾಡಿಗೆ ಈ ಉಪಾಯ ನಡೆಯದು; ಕೊನೆಯ ಸ್ಥಾನಕ್ಕೆ ವಾದ್ಯಸಂಗೀತ ಇಡುವ ಗುಟ್ಟು ಇದೇ.

ಬರೆದ ಮಾತಿನ ಅವಧಿಯನ್ನು ಪದ ಎಣಿಸಿ ಊಹಿಸಬೇಡಿ. ಇಂಗ್ಲಿಷಿನಲ್ಲಿ ಸೆಕೆಂಡಿಗೆ 3 ಪದ ಎಂಬ ಸೂತ್ರವಿದೆ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಅದನ್ನು ಹಚ್ಚಿದರೆ ಲೆಕ್ಕ ತಪ್ಪುತ್ತದೆ. ನಿಮ್ಮ ನಿರೂಪಕರಿಂದಲೇ ಒಂದು ಪುಟ ಗಟ್ಟಿಯಾಗಿ ಓದಿಸಿ, ಸ್ಟಾಪ್‌ವಾಚ್ ಒತ್ತಿ, ಪುಟಕ್ಕೆ ಎಷ್ಟು ಹೊತ್ತು ಎಂದು ಬರೆದಿಟ್ಟುಕೊಳ್ಳಿ.

ಅತಿಥಿ ಬಾರದಿದ್ದರೆ ಹಾಕಲು ಯಾವ ದಿನಕ್ಕೂ ಸಲ್ಲುವ ಮುದ್ರಿಕೆಯೊಂದು ವ್ಯವಸ್ಥೆಯಲ್ಲಿ ಸಿದ್ಧವಿರಲಿ. ಆರು ತಿಂಗಳಿಗೊಮ್ಮೆ ಅದನ್ನು ಕೇಳಿ ನೋಡಿ. ‘ಮುಂದಿನ ವಾರ ನಡೆಯುವ ಸಮ್ಮೇಳನದಲ್ಲಿ’ ಎಂಬಂಥ ಸಾಲು ಒಳಗೆ ಅಡಗಿ ಕುಳಿತಿರಬಹುದು.

9. ಹಣ

ಇದನ್ನು ಚುಟುಕಾಗಿ ಹೇಳಿದರೂ ಸಾಕು. ಅನುಮೋದನೆ ಬರುವ ಮುನ್ನ ಯಾರಿಗೂ ಮೊತ್ತದ ಮಾತು ಕೊಡಬೇಡಿ. ಬಜೆಟ್ಟಿನಲ್ಲಿ ಶೇ. 10ರಷ್ಟನ್ನು ಅನಿರೀಕ್ಷಿತ ವೆಚ್ಚಕ್ಕೆಂದು ಎತ್ತಿಡಿ. ಹೊರಗಿನ ಸಂಕಲನಕಾರರು, ಬರಹಗಾರರ ಬ್ಯಾಂಕ್ ವಿವರ ಮತ್ತು ಕರಾರುಪತ್ರವನ್ನು ಕೆಲಸ ಶುರುವಾಗುವ ಮೊದಲೇ ಪಡೆದರೆ ಬಿಲ್ಲು ಲೆಕ್ಕಪತ್ರ ವಿಭಾಗದಲ್ಲಿ ಕೊಳೆಯುವುದಿಲ್ಲ. ಹೊತ್ತಿಗೆ ಹಣ ಕೊಡಿಸುವ ಸಂಯೋಜಕರು ಕೊನೆಯ ಗಳಿಗೆಯಲ್ಲಿ ಕರೆ ಮಾಡಿದರೂ ಜನ ಫೋನ್ ಎತ್ತುತ್ತಾರೆ. ಆ ಬ್ಯಾಂಕ್ ವಿವರಗಳನ್ನು ಮಾತ್ರ ಎಲ್ಲರೂ ತೆರೆಯುವ ಹಾಳೆಯಲ್ಲಿ ಇಡಬೇಡಿ.

10. ಕೆಲಸಕ್ಕೆ ಅರ್ಜಿ ಹಾಕುವಾಗ

ಪದವಿಗಿಂತ ಕೈಕೆಲಸ ತೋರಿಸಿ. ಸಮುದಾಯ ರೇಡಿಯೊ, ಕಾಲೇಜಿನ ರೇಡಿಯೊ, ಗೆಳೆಯರ ಪಾಡ್‌ಕಾಸ್ಟ್, ಯಾವುದಾದರೂ ಆದೀತು. ಅದರ ವೇಳಾಪಟ್ಟಿ, ಒಂದು ಕಾಲ್ ಶೀಟ್, ಒಂದು ಕ್ಯೂ ಶೀಟ್ ಜೋಡಿಸಿಟ್ಟುಕೊಳ್ಳಿ. ಖಾಸಗಿ ಹೆಸರು, ಫೋನ್ ಸಂಖ್ಯೆಗಳನ್ನು ಅಳಿಸಿ ತೋರಿಸಿ. ಅಳಿಸದೆ ತಂದವರಿಗೆ ಅಲ್ಲೇ ಒಂದು ಅಂಕ ಕಡಿಮೆ. ಅನುಭವ ಏನೂ ಇಲ್ಲದಿದ್ದರೆ ಆರು ಸಂಚಿಕೆಗಳ ಕಲ್ಪಿತ ಸರಣಿಯೊಂದಕ್ಕೆ ಹಿಂದಕ್ಕೆ ಎಣಿಸಿದ ವೇಳಾಪಟ್ಟಿ ಮಾಡಿ.

ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಯೊಂದನ್ನು ಈಗಲೇ ಊಹಿಸಬಹುದು: ನೇರಪ್ರಸಾರಕ್ಕೆ ಒಂದು ಗಂಟೆ ಇರುವಾಗ ಮುಖ್ಯ ಅತಿಥಿ ಬರುವುದಿಲ್ಲ ಎಂದರು, ಏನು ಮಾಡುತ್ತೀರಿ? ‘ಶಾಂತವಾಗಿರುತ್ತೇನೆ’ ಎಂಬ ಉತ್ತರ ಯಾರಿಗೂ ಬೇಡ. ಮೊದಲು ನಿರ್ಮಾಪಕರಿಗೆ ತಿಳಿಸುತ್ತೇನೆ. ಸ್ಟುಡಿಯೊಗೆ ಬರಲಾಗದಿದ್ದರೆ ಹದಿನೈದು ನಿಮಿಷ ಫೋನಿನಲ್ಲಾದರೂ ಸಿಗುತ್ತಾರೆಯೇ ಎಂದು ಅದೇ ಅತಿಥಿಯನ್ನು ಕೇಳುತ್ತೇನೆ. ಇಲ್ಲವೆಂದರೆ ಹಾಳೆಯಲ್ಲಿ ಬದಲಿಯಾಗಿ ಬರೆದಿಟ್ಟ ಎರಡನೆಯ ಅತಿಥಿಗೆ ಕರೆ ಮಾಡುತ್ತೇನೆ. ಅರ್ಧ ಗಂಟೆ ಉಳಿಯುವ ಹೊತ್ತಿಗೂ ಯಾರೂ ಸಿಗದಿದ್ದರೆ ಸಿದ್ಧ ಮುದ್ರಿಕೆಯನ್ನು ಹಾಕಲು ಒಪ್ಪಿಗೆ ಪಡೆದು ಹೊಸ ರನ್ನಿಂಗ್ ಆರ್ಡರ್ ಹಂಚುತ್ತೇನೆ. ಈ ಕ್ರಮದಲ್ಲಿ ಹೇಳಿ. ಅರ್ಧ ಗಂಟೆ ಎಂಬ ಆ ಗಡಿಯನ್ನು ಯಾಕೆ ಇಟ್ಟಿರಿ ಎಂದು ಕೇಳಿದರೆ, ಹೊಸ ಪಟ್ಟಿ ಬರೆದು ಎಲ್ಲರ ಕೈಗೆ ಮುಟ್ಟಿಸಿ ಹಳೆಯದನ್ನು ವಾಪಸ್ ತರಲು ಅಷ್ಟು ಹೊತ್ತು ಬೇಕು ಎನ್ನಿ.